ದ್ವೀಪಕ್ಕೆ ಹೊರಟ ಮನೆ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿಯ ಲೋಟ ಇನ್ನೂ ಕೈಯಲ್ಲಿದ್ದಾಗಲೇ ನಮ್ಮ ಸ್ನೇಹಿತರಿಂದ ಫೋನು ಬಂದಿತು. “ಮೇಷ್ಟ್ರೇ, ಬೇಸಿಗೆ ಬಂತು. ಈ ಸಲ ದ್ವೀಪಕ್ಕೆ ಹೋಗಿಯೇ ಬಿಡೋಣ. ಸೇತುವೆ ಆಗಿದೆ, ನಮ್ಮ ಗಾಡಿಯನ್ನು ತಡೆಯೋರು ಯಾರೂ ಇಲ್ಲ” ಎಂದರು. ನಾನು ಆಗಲಿ ಎನ್ನಲಿಲ್ಲ. ಆಗದು ಎಂದೂ ಹೇಳಲಿಲ್ಲ. ಯೋಚಿಸಿ ತಿಳಿಸುವೆನೆಂದು ಹೇಳಿ ಫೋನು ಇಟ್ಟೆ. ನಿವೃತ್ತನಾದ ಕನ್ನಡ ಮೇಷ್ಟರಿಗೆ ಬೇಸಿಗೆಯ ಪ್ರವಾಸವೊಂದರ ಬಗೆಗೆ ಅಷ್ಟು ಯೋಚಿಸುವುದೇನಿದೆ ಎಂದು ಮನೆಯವರು ಕೇಳಿದರು. ಇದೆ ಎಂದು ನನಗೆ ತೋರಿತು. ಆ ಯೋಚನೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. ನಮ್ಮ ಸ್ನೇಹಿತರದು ಪೀಣ್ಯ ಎರಡನೆಯ ಹಂತದಲ್ಲಿ ಒಂದು ಶೀಟ್ ಮೆಟಲ್ ವರ್ಕ್‌ಷಾಪು. ತಗಡು ಕತ್ತರಿಸುವ ಯಂತ್ರ, ಬಾಗಿಸುವ ಪ್ರೆಸ್ಸು, ನಾಲ್ಕು ವೆಲ್ಡಿಂಗ್ ಸೆಟ್ಟು, ಹನ್ನೊಂದು ಜನ ಕೆಲಸಗಾರರು. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು, ಆಮೇಲೆ ತೆರೆದರೂ ಆರ್ಡರುಗಳು ಬಾರದೆ ಯಂತ್ರಗಳು ಸುಮ್ಮನೆ ನಿಂತಿದ್ದ ಕಾಲದಲ್ಲಿ, ಹುಡುಗರ ಕೈಗೆ ಕೆಲಸ ಬೇಕಲ್ಲ ಎಂದು ಅವರು ಹಳೆಯ ಟೆಂಪೋ ಟ್ರಾವಲರ್ ಒಂದನ್ನು ಕೊಂಡು ತಂದರು. ಅದರ ಸೀಟುಗಳನ್ನೆಲ್ಲ ಕಿತ್ತು, ಎರಡು ಮಂಚ, ಒಂದು ಗ್ಯಾಸಿನ ಒಲೆ, ಕೈ ತೊಳೆಯುವ ಬೋಗುಣಿ, ಪುಟ್ಟ ಫ್ರಿಜ್ಜು, ತಲೆಯ ಮೇಲೆ ನೀರಿನ ತೊಟ್ಟಿ, ಮೂಲೆಯಲ್ಲಿ ಶೌಚದ ಗೂಡು, ಅದರ ಕೆಳಗೆ ಕೊಳೆನೀರಿನ ಇನ್ನೊಂದು ತೊಟ್ಟಿ, ಇಷ್ಟನ್ನೂ ಒಂದು ವರ್ಷದಲ್ಲಿ ಹೊಂದಿಸಿದರು. ಸಾರಿಗೆಯವರ ಒಪ್ಪಿಗೆಯೂ ದೊರೆಯಿತು. ಬಾಗಿಲಿನ ಕೀಲು ಸದ್ದು ಮಾಡದಂತೆ ಕೂರಿಸಲು ಅವರು ಮೂರು ದಿನ ಕಷ್ಟಪಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೀಣ್ಯದವರ ಕೈ ಅಂಥದು. 1975ರಲ್ಲಿ ಆಕಾಶಕ್ಕೆ ಏರಿದ ನಮ್ಮ ಮೊದಲನೆಯ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷವೂ ಹೇಳುತ್ತಿದ್ದೆ. ಹುಡುಗರು ಪ್ರತಿ ವರ್ಷವೂ ನಂಬುತ್ತಿರಲಿಲ್ಲ.

ಇಂಥ ಗಾಡಿಗೆ ಕ್ಯಾರವಾನ್ ಎಂದು ಹೆಸರು. ನಮ್ಮವರಿಗೆ ಕ್ಯಾರವಾನ್ ಎಂದೊಡನೆ ನೆನಪಾಗುವುದು ಸಿನಿಮಾ ನಾಯಕನಟರು ಬಣ್ಣ ಹಚ್ಚಿಕೊಳ್ಳುವ, ಹೊರಗೆ ನಾಲ್ಕು ಜನ ಕಾವಲು ನಿಂತಿರುವ ವಾಹನ. ಆದರೆ ಗಾಲಿಯ ಮೇಲೆ ಸಂಸಾರ ಕಟ್ಟಿಕೊಂಡು ಹೊರಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿಗಳಲ್ಲಿ ಹಾಸಿಗೆ, ಪಾತ್ರೆ, ಜೋಳದ ಹಿಟ್ಟು, ಹಾಲು ಕುಡಿಯುವ ಕೂಸು ಎಲ್ಲವನ್ನೂ ಹೇರಿಕೊಂಡು ಬರುವ ಕುಟುಂಬಗಳನ್ನು ನೋಡಿದವರಿಗೆ ಇದು ಗೊತ್ತು. ಅವರು ಬಂಡಿಯ ಕೆಳಗೇ ಮಲಗುತ್ತಾರೆ, ಬಂಡಿಯ ಪಕ್ಕದಲ್ಲೇ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಾರೆ. ವ್ಯತ್ಯಾಸವಿಷ್ಟೇ: ಅವರು ಹೋಗುವುದು ಸಾವಿರ ಬಂಡಿಗಳಿರುವಲ್ಲಿಗೆ, ನಮ್ಮ ಸ್ನೇಹಿತರಂಥವರು ಹೋಗಬಯಸುವುದು ಇನ್ನೊಂದು ಗಾಡಿ ಕಣ್ಣಿಗೆ ಬೀಳದ ಕಡೆಗೆ. ಈ ಬಯಕೆಯನ್ನು ಸರಕಾರಗಳೂ ಈಗ ಗುರುತಿಸಿವೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಾಗಿಯೇ ಒಂದು ನೀತಿ ತಂದಿತು. ನಮ್ಮ ರಾಜ್ಯದ 2020–26ರ ಪ್ರವಾಸೋದ್ಯಮ ನೀತಿಯಲ್ಲಿಯೂ ಅದಕ್ಕೊಂದು ಸ್ಥಾನ ದೊರೆತಿದೆ.

ಗಾಡಿ ಸಿದ್ಧವಾದ ದಿನ ಮೊದಲ ಪ್ರವಾಸ ಎಲ್ಲಿಗೆ ಎಂಬ ಮಾತು ಬಂದಿತು. ಸ್ನೇಹಿತರು “ಜನರಿಲ್ಲದ ಯಾವುದಾದರೂ ದ್ವೀಪಕ್ಕೆ” ಎಂದರು. ಅವರ ವರ್ಕ್‌ಷಾಪಿನ ವೆಲ್ಡರ್ ಹುಡುಗನೊಬ್ಬ ಸಾಗರ ತಾಲ್ಲೂಕಿನ ತುಮರಿಯ ಕಡೆಯವನು. “ಹಾಗಾದರೆ ನಮ್ಮೂರಿಗೇ ಬನ್ನಿ ಸಾರ್, ನಮ್ಮದೂ ದ್ವೀಪವೇ, ಲಾಂಚಿನಲ್ಲಿ ಗಾಡಿ ದಾಟಿಸುತ್ತಾರೆ” ಎಂದ. ಆಮೇಲೆ ಗಾಡಿಯೊಳಗಿನ ಮಂಚವನ್ನು ನೋಡಿ ನಕ್ಕು, “ಆದರೆ ನಮ್ಮೂರಿಗೆ ಹೋಗೋದಕ್ಕೆ ಇದೆಲ್ಲ ಯಾಕೆ ಸಾರ್? ಅಲ್ಲಿ ಮಾವನ ಮನೆ ಇದೆಯಲ್ಲ” ಎಂದ. ಆಗ ನಾವಿಬ್ಬರೂ ಆ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಭೂಗೋಳದ ಮೇಷ್ಟರು ತುಮರಿಯನ್ನು ದ್ವೀಪವೆಂದು ಒಪ್ಪಲಾರರು. ಕಾರ್ಗಲ್ಲಿನ ಕಡೆಯಿಂದ, ಕೊಲ್ಲೂರಿನ ಕಡೆಯಿಂದ ಕಾಡು ಬಳಸಿ ಬರುವ ನೆಲದ ದಾರಿಗಳು ಅದಕ್ಕೆ ಇವೆ. ಆದರೆ ತಾಲ್ಲೂಕಿನ ಊರಾದ ಸಾಗರಕ್ಕೂ ಅಲ್ಲಿನ ಜನಕ್ಕೂ ನಡುವೆ ಶರಾವತಿಯ ಹಿನ್ನೀರು ಹರಡಿಕೊಂಡಿದೆ. ಆಸ್ಪತ್ರೆ, ಕಾಲೇಜು, ಕಚೇರಿ, ಸಂತೆ ಎಲ್ಲವೂ ನೀರಿನ ಈಚೆಗೆ. ಆರು ದಶಕಗಳ ಕಾಲ ಅವರಿಗೆ ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚು. ಅದು ಹೊತ್ತು ಮುಳುಗಿದ ಮೇಲೆ ನಿಲ್ಲುತ್ತಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಂಗಸಿಗೆ, ಹಾವು ಕಚ್ಚಿದ ಮನುಷ್ಯನಿಗೆ, ಅದು ದ್ವೀಪವೇ ಸರಿ. ಹೆಸರನ್ನು ಅಲ್ಲಿದ್ದವರು ಇಟ್ಟುಕೊಂಡಿದ್ದಾರೆ. ನಾವು ನಕ್ಷೆ ಹಿಡಿದು ತಿದ್ದುವುದು ಬೇಡ.

2023ರ ಜೂನ್ ತಿಂಗಳಲ್ಲಿ ನಾವು ಹೊರಟೆವು. ಆ ವರ್ಷ ಮುಂಗಾರು ತಡವಾಗಿ, ಜೂನ್ ಬಂದರೂ ಬೇಸಿಗೆ ಬಿಟ್ಟುಹೋಗಿರಲಿಲ್ಲ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ: ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅರಸೀಕೆರೆಯ ಬಳಿ ತೆಂಗಿನ ತೋಟವೊಂದರ ನೆರಳಿನಲ್ಲಿ ಗಾಡಿ ನಿಲ್ಲಿಸಿ ನಾವೇ ಕಾಫಿ ಮಾಡಿಕೊಂಡು ಕುಡಿದಾಗ ನನಗೂ ಸುಖವೆನಿಸಿತೆಂದು ಒಪ್ಪಿಕೊಳ್ಳಬೇಕು. ಯಾರ ಹೋಟೆಲಿನ ಹಂಗೂ ಇಲ್ಲ. ಯಾರ ಮನೆಯ ಜಗಲಿಯ ಹಂಗೂ ಇಲ್ಲ. ಹಾಸಿಗೆ ನಮ್ಮದು, ನೀರು ನಮ್ಮದು. ಸಂಜೆಯ ಹೊತ್ತಿಗೆ ಸಾಗರ ತಲಪಿದೆವು. ಮರುದಿನ ಆವಿನಹಳ್ಳಿಯ ಮೇಲೆ ಹಾದು ಹೊಳೆಬಾಗಿಲಿಗೆ ಬಂದೆವು.

ನೀರು ಬಹಳ ಕೆಳಗೆ ಇಳಿದಿತ್ತು. ಕೆಂಪು ದಿಬ್ಬಗಳು ಮೆಟ್ಟಿಲು ಮೆಟ್ಟಿಲಾಗಿ ಬತ್ತಲೆ ನಿಂತಿದ್ದವು. ಆರು ದಶಕಗಳ ಕಾಲ ನೀರಿನಲ್ಲಿದ್ದರೂ ಕೊಳೆಯದ ಮರದ ಬೊಡ್ಡೆಗಳು ಎಲ್ಲೆಲ್ಲೂ ಎದ್ದು ಕಾಣುತ್ತಿದ್ದವು. ಲಾಂಚಿನ ಸಿಬ್ಬಂದಿಯೊಬ್ಬರು ನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಚಕ್ರವನ್ನು ಕಾಲಿನಿಂದ ಒತ್ತಿ, ತಲೆಯಾಡಿಸಿದರು. ನೀರಿಲ್ಲದ್ದರಿಂದ ಲಾಂಚು ದಡಕ್ಕೆ ಸರಿಯಾಗಿ ತಾಗುವುದಿಲ್ಲ, ಇಳಿಜಾರು ಹೆಚ್ಚಾಗಿದೆ, ವಾಹನ ಹತ್ತಿಸುವಂತಿಲ್ಲ, ಜನರು ಮಾತ್ರ ದಾಟಬಹುದು ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸ್ನೇಹಿತರು ಬಹಳ ಹೊತ್ತು ವಾದಿಸಿದರು. ಪೀಣ್ಯದಿಂದ ಇಷ್ಟು ದೂರ ಹೊತ್ತುತಂದ ಮನೆ ಕೊನೆಯ ನೀರಿನ ಮುಂದೆ ನಿಂತುಬಿಟ್ಟಿತು. ಗಾಡಿಯನ್ನು ದಡದ ಮೇಲೆ ಗೂಡಂಗಡಿಯವರ ಸುಪರ್ದಿಗೆ ಬಿಟ್ಟು, ಒಂದೊಂದು ಕೈಚೀಲ ಹಿಡಿದು, ಸಿಗಂದೂರಿಗೆ ಹೊರಟಿದ್ದ ಭಕ್ತರ ನಡುವೆ ನಾವೂ ಲಾಂಚು ಹತ್ತಿದೆವು.

ವೆಲ್ಡರ್ ಹುಡುಗನ ಮಾವ ಕಳಸವಳ್ಳಿಯ ದಡಕ್ಕೇ ಬಂದು ಕಾಯುತ್ತಿದ್ದರು. ಅರವತ್ತೇಳು ವರ್ಷ, ಮಾತು ಕಡಿಮೆ, ನಡಿಗೆ ಚುರುಕು. ಮನೆಗೆ ಹೋದೊಡನೆ ಬೆಲ್ಲ ಮತ್ತು ನೀರು, ಆಮೇಲೆ ಮುರುಗಲ ಹಣ್ಣಿನ ಪಾನಕ ಬಂದಿತು. ಸ್ನೇಹಿತರು ತಮ್ಮ ಗಾಡಿ ದಾಟಿ ಬಾರದ ವ್ಯಥೆಯನ್ನು ಎಲ್ಲರಿಗೂ ವಿವರಿಸುತ್ತಿದ್ದರು. ಅದರಲ್ಲಿ ಏನೇನಿದೆ, ಅದು ಎಂಥ ಮನೆ ಎಂಬುದನ್ನೆಲ್ಲ ಯಜಮಾನರು ಶ್ರದ್ಧೆಯಿಂದ ಕೇಳಿದರು. ಕೇಳಿ ಮುಗಿದ ಮೇಲೆ, “ನಮ್ಮ ಮನೆಯೂ ಒಂದು ಸಲ ಗಾಲಿಯ ಮೇಲೆ ಹೋಗಿತ್ತು ಮಾರಾಯ್ರೆ” ಎಂದರು.

ಅವರಿಗೆ ಎಂಟು ವರ್ಷವಾಗಿದ್ದಾಗ, ಲಿಂಗನಮಕ್ಕಿಯ ಅಣೆಕಟ್ಟು ಮುಗಿದ 1964ರಲ್ಲಿ, ಅವರ ತಂದೆ ಹೊಳೆಯ ಬಳಿಯ ಮನೆಯನ್ನು ತಾವೇ ಬಿಚ್ಚಿದರಂತೆ. ಹೆಂಚು ಇಳಿಸಿದರು, ಜಂತಿ, ತೊಲೆ, ಕಂಬ ಕಳಚಿದರು, ಬಾಗಿಲನ್ನು ಚೌಕಟ್ಟಿನೊಂದಿಗೇ ಕಿತ್ತು ಎತ್ತಿನ ಗಾಡಿಗೆ ಹೇರಿದರು. ಗೋಡೆ ಮಾತ್ರ ಬರಲಿಲ್ಲ. ಹನ್ನೊಂದು ಸಲ ಗಾಡಿ ಗುಡ್ಡ ಹತ್ತಿ ಇಳಿಯಿತು ಎಂಬ ಲೆಕ್ಕ ಆ ಹುಡುಗನ ತಲೆಯಲ್ಲಿ ಹಾಗೆಯೇ ಉಳಿದಿದೆ. ದೊಡ್ಡಪ್ಪನ ಸಂಸಾರ ಲಾರಿ ಹತ್ತಿ ಬೇರೆ ತಾಲ್ಲೂಕಿಗೆ ಹೋಯಿತು. ಅಲ್ಲಿ ತೋರಿಸಿದ ಕಾಡಿನಲ್ಲಿ ನೆಲ ಹಸನು ಮಾಡಿಕೊಂಡು ಕುಳಿತರು. ಆ ನೆಲಕ್ಕೆ ಅವರ ಮೊಮ್ಮಕ್ಕಳ ಹೆಸರಿನಲ್ಲಿಯೂ ಹಕ್ಕುಪತ್ರವಾಗಿಲ್ಲ. “ಈ ಬಾಗಿಲು ನೋಡಿ, ಇದೇ ಅದು” ಎಂದು ನಾವು ಆಗತಾನೆ ದಾಟಿ ಬಂದಿದ್ದ ಬಾಗಿಲನ್ನು ತೋರಿಸಿದರು. ಹಲಸಿನ ಮರದ, ತಗ್ಗಾದ, ಹೊಸ್ತಿಲು ಸವೆದ ಬಾಗಿಲು. ಆ ಸವೆತ ಹಳೆಯ ಮನೆಯದು.

ಸಂಜೆ ಅವರು ನಮ್ಮನ್ನು ನೀರಿನ ಕಡೆಗೆ ಕರೆದುಕೊಂಡು ಹೋದರು. ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ಬಹುದೂರ ನಡೆದೆವು. ಒಂದು ಕಡೆ ಕೆಂಪು ಕಲ್ಲಿನ ನಾಲ್ಕು ಮೆಟ್ಟಿಲು, ಪಂಚಾಂಗದ ಎರಡು ಸಾಲು, ಹೂಳು ತುಂಬಿದ ಬಾವಿಯ ಬಾಯಿ. ಮೆಟ್ಟಿಲು ಹತ್ತಿದರೆ ಮೇಲೆ ಏನೂ ಇಲ್ಲ. “ನೀರು ಪೂರಾ ಇಳಿದ ವರ್ಷ ಮಾತ್ರ ಕಾಣ್ತದೆ. ನಾನು ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ್ಕೊಂಡು ಹೋಗ್ತೇನೆ” ಎಂದರು. ಸ್ನೇಹಿತರು ಅಲ್ಲಿಯವರೆಗೂ ಫೋಟೋ ತೆಗೆಯುತ್ತಿದ್ದವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಲಿಂಗನಮಕ್ಕಿಯ ನೀರು ತುಂಬಿ ನಿಂತರೆ ಸಮುದ್ರಮಟ್ಟದಿಂದ 1,819 ಅಡಿ. ಅದು ಆವರಿಸುವ ನೆಲ ಸುಮಾರು ಮುನ್ನೂರು ಚದರ ಕಿಲೋಮೀಟರು. ಅದರಲ್ಲಿ ಮನೆ, ಗದ್ದೆ, ತೋಟ, ದೇವಸ್ಥಾನಗಳು ಮಾತ್ರವಲ್ಲದೆ ಒಂದು ಅಣೆಕಟ್ಟೂ ಮುಳುಗಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಕಟ್ಟಿದ್ದು; ಆ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಹದಿನಾರು ವರ್ಷಗಳಲ್ಲಿ ದೊಡ್ಡ ಅಣೆಕಟ್ಟು ಬಂದು ಚಿಕ್ಕದನ್ನು ನುಂಗಿತು. ಬರದ ಬೇಸಿಗೆಗಳಲ್ಲಿ ಅದು ನೀರಿನಿಂದ ತಲೆಯೆತ್ತುತ್ತದೆ. ಜನ ಅದನ್ನು ನೋಡಲು ಹೋಗುವುದುಂಟು. ಹೀಗೆ ಕೂಡಿದ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಒಂದೊಂದಾಗಿ ತಿರುಗತೊಡಗಿ, ಕೊನೆಗೆ 1,035 ಮೆಗಾವ್ಯಾಟಿನ ಶಕ್ತಿಯಾಯಿತು.

ಈ ವಿದ್ಯುತ್ತು ತಂತಿಯ ಮೇಲೆ ಪ್ರಯಾಣ ಮಾಡಿ ಎಲ್ಲಿಗೆ ಬಂದಿತು? ಪೀಣ್ಯದಲ್ಲಿ ಎಸ್.ಆರ್.ಎಸ್. ರಸ್ತೆ ಎಂಬುದೊಂದಿದೆ. ಅಲ್ಲಿ ವಿದ್ಯುತ್ತಿನ ದೊಡ್ಡ ಸ್ಟೇಷನ್ನು. ಮೂವತ್ತು ವರ್ಷ ಆ ಬೀದಿಯಲ್ಲಿ ಶಾಲೆಗೆ ಓಡಾಡಿದ ನಾನು ಆ ಮೂರು ಅಕ್ಷರಗಳನ್ನು ಯಾರೋ ಶ್ರೀಮಂತರ ಹೆಸರೆಂದು ತಿಳಿದಿದ್ದೆ. ಸ್ನೇಹಿತರ ವರ್ಕ್‌ಷಾಪಿನ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ನನ್ನ ಅಜ್ಞಾನಕ್ಕೆ ಮರುಗಿ, ಮೊದಲನೆಯ ‘ಎಸ್’ ಶರಾವತಿ ಮೇಷ್ಟ್ರೇ, ಶರಾವತಿಯ ಕರೆಂಟು ಬಂದು ಇಳಿಯುವ ಜಾಗ ಎಂದು ಹೇಳಿಕೊಟ್ಟರು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಗಿ ಬೆಳೆಯಿತು. ಲೇತುಗಳು, ಪ್ರೆಸ್ಸುಗಳು, ಕುಲುಮೆಗಳು ಸಾಲಾಗಿ ನಿಂತವು. ಇಂದು ನಾಡಿನ ವಿದ್ಯುತ್ತು ಹತ್ತು ಕಡೆಯಿಂದ ಬರುತ್ತದೆ ಎಂಬುದು ನನಗೂ ಗೊತ್ತು. ಆದರೆ ಆ ಕಾಲದಲ್ಲಿ ರಾಜ್ಯದ ಬೆನ್ನೆಲುಬು ಶರಾವತಿಯೇ ಆಗಿತ್ತು. ತುಮರಿಯ ಯಜಮಾನರು ಹೇಳಿದ ಇನ್ನೊಂದು ಮಾತೆಂದರೆ, ಅವರ ಮನೆಗೆ ಕರೆಂಟು ಬರುವ ಹೊತ್ತಿಗೆ ಅವರಿಗೆ ಮದುವೆಯಾಗಿ ಮಗಳು ಹುಟ್ಟಿ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಅಕ್ಷರ ಕಲಿಯುತ್ತಿದ್ದಳಂತೆ.

ಈ ವಿಷಯ ಸಾಹಿತ್ಯದ ಓದುಗರಿಗೆ ಅಪರಿಚಿತವಲ್ಲ. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅದೇ ಯೋಜನೆಯ ಪ್ರದೇಶದಲ್ಲಿ ದುಡಿದು, ಕಂಡದ್ದನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ನೀರು ಏರುತ್ತಿದ್ದರೂ ಮನೆ ಬಿಡಲಾರದೆ ಉಳಿದ ಒಂದು ಸಂಸಾರದ ಕಥೆಯಾದ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಿತ್ರವಾಗಿಸಿದರು. ನಾನು ಆ ಕಾದಂಬರಿಯನ್ನು ಪಾಠ ಮಾಡಿದವನು. ಪರೀಕ್ಷೆಯಲ್ಲಿ ನಾಗವೇಣಿಯ ಪಾತ್ರಚಿತ್ರಣದ ಬಗೆಗೆ ಟಿಪ್ಪಣಿ ಬರೆಯಿರಿ ಎಂದು ಪ್ರಶ್ನೆ ಕೊಟ್ಟು ಅಂಕ ಹಾಕಿದವನು. ಆ ಹುಡುಗರಲ್ಲಿ ಅನೇಕರ ತಂದೆಯರು ನಡೆಸುತ್ತಿದ್ದ ಯಂತ್ರಗಳಿಗೂ ಆ ನೀರಿಗೂ ಇರುವ ಸಂಬಂಧವನ್ನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ, ನನಗೇ ಹೊಳೆದಿರಲಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿನ ಕುಡಿಯುವ ನೀರಿಗೆ ತರುವ ಪ್ರಸ್ತಾಪ ಬಂದಾಗ ಮಲೆನಾಡಿನಲ್ಲಿ ಎದ್ದ ವಿರೋಧದ ಮುಂಚೂಣಿಯಲ್ಲಿ ನಿಂತವರಲ್ಲಿ ಡಿಸೋಜ ಅವರೂ ಒಬ್ಬರು. ಬೆಳಕು ಕೊಟ್ಟಾಯಿತು, ಈಗ ನೀರನ್ನೂ ಕೇಳುವಿರಾ ಎಂದು ಅಲ್ಲಿನವರು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಏರಿಸಿ ಇಳಿಸಿ 2,000 ಮೆಗಾವ್ಯಾಟು ವಿದ್ಯುತ್ತು ಪಡೆಯುವ ಯೋಜನೆಯ ಬಗೆಗೆ ಅದೇ ಕಣಿವೆಯಲ್ಲಿ ವಿವಾದವೆದ್ದಿದೆ. ಬೇಡಿಕೆಗಳಿಗೆ ಮುಕ್ತಾಯವಿದ್ದಂತೆ ಕಾಣುವುದಿಲ್ಲ.

ಇರಲಿ, ಸೇತುವೆಯ ವಿಷಯಕ್ಕೆ ಬರುತ್ತೇನೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಡಿಸೋಜ ಅವರು ಅದಕ್ಕೆ ಆರು ತಿಂಗಳು ಮೊದಲು, ಜನವರಿ 5ರಂದು, ತೀರಿಕೊಂಡಿದ್ದರು. ಸೇತುವೆಯ ಸುದ್ದಿ ಬಂದಾಗ ಬೆಂಗಳೂರಿನಲ್ಲಿ ನನ್ನ ಪರಿಚಿತರು ಕೆಲವರು ಲಾಂಚಿನ ಕಾವ್ಯ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟರು. ನಾನೂ ತುಮರಿಯ ಯಜಮಾನರಿಗೆ ಫೋನು ಮಾಡಿದಾಗ ಅಂಥದೇ ಒಂದು ಮಾತು ಆಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಅದು ಅರ್ಧ ಗಂಟೆಯ ದೋಣಿ. ನನ್ನ ಅಬ್ಬೆಗೆ ಎದೆ ನೋವು ಬಂದದ್ದು ರಾತ್ರಿ ಒಂಬತ್ತಕ್ಕೆ” ಎಂದರು. ನಾನು ಮತ್ತೆ ಮಾತಾಡಲಿಲ್ಲ. ಸೇತುವೆ ಬಂದದ್ದು ಒಳ್ಳೆಯದೇ. ಅರವತ್ತು ವರ್ಷ ತಡವಾಗಿ ಬಂದದ್ದೊಂದೇ ಅದರ ಮೇಲೆ ಹೇಳಬಹುದಾದ ಆಕ್ಷೇಪ.

ಆದರೆ ಸೇತುವೆಗೆ ಎರಡು ತುದಿ. ಆ ತುದಿಯವರಿಗೆ ಅದು ಆಸ್ಪತ್ರೆಯ ದಾರಿ. ಈ ತುದಿಯಿಂದ ಹೊರಡುವ ನಮ್ಮಂಥವರಿಗೆ ಅದು ತಡೆ ತೆಗೆದ ಗೇಟು. ಹಿನ್ನೀರಿನ ಅಂಚಿನಲ್ಲಿ ಕ್ಯಾರವಾನುಗಳಿಗೆ ತಂಗುದಾಣ ಮಾಡಬೇಕು, ಅಲ್ಲಿ ಬೆಳಕು, ನೀರು, ನೋಟ ಒದಗಿಸಬೇಕು ಎಂಬ ಮಾತನ್ನು ಸ್ನೇಹಿತರು ಮತ್ತು ಅವರಂತೆಯೇ ಗಾಡಿ ಕಟ್ಟಿಕೊಂಡ ಇನ್ನಿಬ್ಬರು ನನ್ನ ಮುಂದೆಯೇ ಆಡಿದ್ದಾರೆ. ಈ ಆಸೆಯನ್ನು ನಾನು ಹಳಿಯುವುದಿಲ್ಲ. ಗಾಡಿಯಲ್ಲಿ ಕಾಫಿ ಕುಡಿದ ಸುಖ ನನಗೂ ನೆನಪಿದೆ. ಆದರೆ ಕ್ಯಾರವಾನಿನ ಹೆಮ್ಮೆಯೇ ತನಗೆ ಯಾರೂ ಬೇಕಿಲ್ಲವೆಂಬುದು. ಹೋದ ಊರಿನಲ್ಲಿ ಅನ್ನ ಕೇಳಬೇಕಿಲ್ಲ, ಹಾಸಿಗೆ ಕೇಳಬೇಕಿಲ್ಲ, ಹೆಸರು ಕೇಳಬೇಕಿಲ್ಲ. ನೋಟವನ್ನಷ್ಟೇ ಪಡೆದು ಬೆಳಿಗ್ಗೆ ಎದ್ದು ಹೊರಟರಾಯಿತು. ಬೇರೆ ಊರುಗಳಲ್ಲಿ ಇದು ನಡೆದರೆ ನಡೆಯಲಿ. ನಮ್ಮ ಯಂತ್ರಗಳಿಗಾಗಿ ತಮ್ಮ ಮನೆಯನ್ನು ತಾವೇ ಬಿಚ್ಚಿ ಗಾಡಿಗೆ ಹೇರಿದವರ ಊರಿಗೆ, ಪೀಣ್ಯದಿಂದ ನಾವು ಇನ್ನೊಂದು ಮನೆಯನ್ನು ಗಾಡಿಗೆ ಹೇರಿಕೊಂಡು ಹೋಗಿ, ಅವರ ಮೆಟ್ಟಿಲು ಮುಳುಗಿರುವ ನೀರಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಇದರ ಜೊತೆಗೆ ಒಂದು ಸಣ್ಣ ವಿಷಯವುಂಟು. ಸಾಹಿತ್ಯದ ಪುಟದಲ್ಲಿ ಹೇಳಲು ಸಂಕೋಚವಾದರೂ ಹೇಳಬೇಕು. ಗಾಡಿಯ ಕೊಳೆನೀರಿನ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡುವುದು? 2023ರಲ್ಲಿ ನಾವು ದಾರಿಯುದ್ದಕ್ಕೂ ಈ ಪ್ರಶ್ನೆಯನ್ನು ಕೇಳುತ್ತ ಹೋದೆವು. ಗೂಡಂಗಡಿಯವರು ಕಾಡನ್ನು ತೋರಿಸಿದರು. ಇನ್ನೊಬ್ಬರು ಹೊಳೆಯನ್ನೇ ತೋರಿಸಿದರು. ಸ್ನೇಹಿತರು ಆ ವಿಷಯದಲ್ಲಿ ನಿಷ್ಠಾವಂತರು. ಪೀಣ್ಯದಿಂದ ಹೊರಟ ಕೊಳೆಯನ್ನು ಮರಳಿ ಪೀಣ್ಯಕ್ಕೇ ತಂದು ವರ್ಕ್‌ಷಾಪಿನ ಗುಂಡಿಗೆ ಸೇರಿಸಿದೆವು. ಎಲ್ಲರೂ ಅಷ್ಟು ದೂರ ಹೊತ್ತು ತರುವರೆಂಬ ಭರವಸೆ ನನಗಿಲ್ಲ. ಆ ನೀರಿನ ಸುತ್ತ 1972ರಿಂದ ಅಭಯಾರಣ್ಯವಿದೆ. 2019ರಲ್ಲಿ ಅದು ಸಿಂಗಳೀಕಗಳ ಹೆಸರಿನಲ್ಲಿ ಇನ್ನಷ್ಟು ವಿಸ್ತಾರವಾಗಿದೆ. ಅಲ್ಲಿನ ರೈತನಿಗೆ ಕಾಡಿನ ಅಂಚಿನಲ್ಲಿ ಒಂದು ಬೇಲಿ ಸರಿಸಬೇಕಾದರೂ ಹೆದರಿಕೆ. ನಮ್ಮ ಗಾಡಿಗಳಿಗೆ ಮಾತ್ರ ಅಲ್ಲಿ ತಂಗುದಾಣ ಕಟ್ಟಿಕೊಡುವುದಾದರೆ, ಹಕ್ಕುಪತ್ರವಿಲ್ಲದ ಆ ದೊಡ್ಡಪ್ಪನ ಮೊಮ್ಮಕ್ಕಳಿಗೆ ಏನು ಸಮಾಧಾನ ಹೇಳುವುದು?

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ ಟೈರೀ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಗೂ ಬೇಸಿಗೆಯಲ್ಲಿ ಜನ ಮನೆ-ಗಾಡಿಗಳನ್ನು ಹಡಗಿನಲ್ಲಿ ದಾಟಿಸಿಕೊಂಡು ಹೋಗುತ್ತಾರೆ. ಸಿಕ್ಕ ಸಿಕ್ಕ ಹುಲ್ಲುಗಾವಲಿನಲ್ಲಿ ಗಾಡಿಗಳು ನಿಲ್ಲತೊಡಗಿದಾಗ ದ್ವೀಪದವರು ಒಂದು ಏರ್ಪಾಡು ಮಾಡಿಕೊಂಡರು. ಬರುವವರು ಮೊದಲೇ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು, ಆ ಜಾಗ ಅಲ್ಲಿನ ಸಣ್ಣ ಹಿಡುವಳಿದಾರನ ಹೊಲದ ಅಂಚು, ಬಾಡಿಗೆ ಅವನಿಗೆ. ಗಾಡಿಯ ಮನುಷ್ಯ ಬೆಳಿಗ್ಗೆ ಎದ್ದು ಒಬ್ಬ ರೈತನ ಮುಖವನ್ನಾದರೂ ನೋಡಿ ಹೊರಡುತ್ತಾನೆ. ತುಮರಿಯಲ್ಲಿ ಇಂಥದೊಂದು ಏರ್ಪಾಡು ಬೇಕೋ ಬೇಡವೋ ಎಂಬುದನ್ನು ತುಮರಿಯವರು ನಿರ್ಧರಿಸಬೇಕು. ಪೀಣ್ಯದಲ್ಲಿ ಕುಳಿತು ನಾನು ಬರೆಯುವುದೂ ಅಲ್ಲ, ವಿಧಾನಸೌಧದಲ್ಲಿ ಕುಳಿತು ಇನ್ನೊಬ್ಬರು ಬರೆಯುವುದೂ ಅಲ್ಲ. ನಮ್ಮ ಯಜಮಾನರು ಈ ಬಗ್ಗೆ ನನ್ನಷ್ಟು ಬಿಗಿಯಾಗಿಲ್ಲ. “ಬರಲಿ ಬಿಡಿ, ಅಂಗಳದಲ್ಲಿ ನಿಲ್ಲಿಸಲಿ, ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯಾದರೂ ನಾಲ್ಕು ಡಬ್ಬಿ ಮಾರ್ತದೆ” ಎನ್ನುತ್ತಾರೆ. ಅವರ ಈ ಮಾತನ್ನು ಮುಚ್ಚಿಟ್ಟು ನನ್ನ ಅಭಿಪ್ರಾಯವನ್ನಷ್ಟೇ ಹೇಳಿದರೆ ವಾಚಕರಿಗೆ ಮೋಸ ಮಾಡಿದಂತಾಗುತ್ತದೆ.

ನಿನ್ನೆ ಸಂಜೆ ಸ್ನೇಹಿತರ ವರ್ಕ್‌ಷಾಪಿಗೆ ಹೋಗಿದ್ದೆ. ವೆಲ್ಡರ್ ಹುಡುಗ ಗಾಡಿಯ ಬ್ಯಾಟರಿಗೆ ಹೊಸ ಸ್ಟ್ಯಾಂಡು ಬೆಸೆಯುತ್ತಿದ್ದ. ನನ್ನ ಉತ್ತರವನ್ನು ಹೇಳಿದೆ. ಹೋಗೋಣ, ಗಾಡಿಯಲ್ಲೇ ಹೋಗೋಣ. ಹೊಳೆಬಾಗಿಲಿನಲ್ಲಿ ಹೋದ ಸಲ ಎಲ್ಲಿ ನಿಲ್ಲಿಸಿದೆವೋ ಅಲ್ಲಿಯೇ ನಿಲ್ಲಿಸಿ, ಒಂದೊಂದು ಕೈಚೀಲ ಹಿಡಿದು ಸೇತುವೆಯ ಮೇಲೆ ಬಸ್ಸಿನಲ್ಲಿ ದಾಟೋಣ; ಎರಡು ರಾತ್ರಿ ಅವರ ಮನೆಯಲ್ಲಿ, ಆ ಹಲಸಿನ ಬಾಗಿಲಿನ ಒಳಗೆ ಮಲಗೋಣ. ಸ್ನೇಹಿತರು ಗಾಡಿಯ ಸುತ್ತ ಒಂದು ಸಲ ನಡೆದುಬಂದರು. “ಅಷ್ಟು ದೂರ ಹೋಗಿ, ಸೇತುವೆಯೂ ಇದ್ದು, ಇದನ್ನು ದಡದಲ್ಲೇ ಬಿಡಬೇಕೇ ಮೇಷ್ಟ್ರೇ?” ಎಂದರು. ಹುಡುಗ ಮುಖದ ಮೇಲಿನ ಕಪ್ಪು ಗಾಜನ್ನು ಎತ್ತಿ ಇಬ್ಬರನ್ನೂ ನೋಡಿದ. “ಮಾವನಿಗೆ ಎಷ್ಟು ಜನ ಅಂತ ಹೇಳಲಿ ಸಾರ್?” ಎಂದು ಕೇಳಿದ. ಸ್ನೇಹಿತರು ಇನ್ನೂ ಹೇಳಿಲ್ಲ.